ಹನ್ನೊಂದು ಗಂಟೆ ನಲವತ್ತು ನಿಮಿಷದ ಟೀ ಶರ್ಟು

ಬೀಗ ಹಾಕಿದ್ದೇನೆಯೇ ಎಂದು ನೋಡಲು ಬಸ್ಸಿನಿಂದ ಇಳಿದು ಮನೆಗೆ ಹಿಂತಿರುಗಿದವರು ಲೋಕದಲ್ಲಿ ಬೇಕಾದಷ್ಟು ಮಂದಿ ಇರಬಹುದು. ಬೀಗ ಬಿದ್ದಿರುವುದನ್ನು ಕಣ್ಣಾರೆ ಕಂಡು, ಎಳೆದು ನೋಡಿ, ಮತ್ತೆ ಬಸ್ಸು ಹತ್ತಿ, ಎಳೆದು ನೋಡಿದ್ದು ಇವತ್ತೋ ನಿನ್ನೆಯೋ ಎಂಬ ಅನುಮಾನದಲ್ಲಿ ಎರಡನೆಯ ಸಲ ಇಳಿದವನು ಮಾತ್ರ ಅವಿನಾಶಿಯಿಂದ ತಿರುಪ್ಪೂರಿನವರೆಗೆ ನಾನೊಬ್ಬನೇ ಇರಬೇಕು. ಆ ದಾರಿಯ ಕಂಡಕ್ಟರುಗಳಿಗೆ ಇದು ಗೊತ್ತು. ನಾನು ಹತ್ತಿದ ಕೂಡಲೇ ಟಿಕೆಟ್ ಕೊಡುವುದಿಲ್ಲ. ಒಂದೆರಡು ನಿಲ್ದಾಣ ದಾಟಲಿ ಎಂದು ಕಾಯುತ್ತಾರೆ. ಇದಕ್ಕೆ ಕಾರಣ ವಯಸ್ಸಲ್ಲ, ಓದು. ಕೊಯಮತ್ತೂರಿನಲ್ಲಿ ತತ್ತ್ವಶಾಸ್ತ್ರದ ಎಂ.ಎ. ಓದುವಾಗ ನಮ್ಮ ಮೇಷ್ಟರೊಬ್ಬರು ಎರಡು ವರ್ಷವೂ ಒಂದೇ ಪಾಠ ಹೇಳಿದರು: ನೆನಪು ಸಾಕ್ಷಿಯಲ್ಲ, ಸಾಕ್ಷಿಯ ವೇಷ ಹಾಕಿಕೊಂಡ ಊಹೆ. ಜೊತೆಯವರೆಲ್ಲ ಪರೀಕ್ಷೆ ಬರೆದು ಅದನ್ನು ಮರೆತು ನೆಮ್ಮದಿಯಾದರು. ನಾನು ಅದೊಂದನ್ನೇ ನೆನಪಿಟ್ಟುಕೊಂಡೆ. ಅಥವಾ ಮೇಷ್ಟರು ಹಾಗೆ ಹೇಳಿದ್ದರೆಂದು ಊಹಿಸಿಕೊಂಡೆನೋ ಏನೋ, ಈಗ ಕೇಳೋಣವೆಂದರೆ ಅವರೂ ಇಲ್ಲ.

ತಿರುಪ್ಪೂರಿನಲ್ಲಿ ತತ್ತ್ವಶಾಸ್ತ್ರಕ್ಕೆ ಗಿರಾಕಿಗಳಿಲ್ಲ, ಬನಿಯನ್ನಿಗೆ ಇದ್ದಾರೆ. ಆದ್ದರಿಂದ ನಾನು ಇಪ್ಪತ್ತು ವರ್ಷಗಳಿಂದ ಒಂದು ಬನಿಯನ್ ಎಕ್ಸ್‌ಪೋರ್ಟ್ ಕಂಪನಿಯ ಸ್ಯಾಂಪಲ್ ರೂಮಿನ ಉಸ್ತುವಾರಿ. ಹೊರದೇಶದ ವ್ಯಾಪಾರಿ ಮೊದಲು ಒಂದೇ ಒಂದು ಟೀ ಶರ್ಟು ಹೊಲಿಸಿ ತರಿಸಿಕೊಳ್ಳುತ್ತಾನೆ. ಅದು ಒಪ್ಪಿಗೆಯಾದರೆ ಅಂಥದೇ ಹತ್ತು ಸಾವಿರ ಬೇಕೆನ್ನುತ್ತಾನೆ. ಆ ಒಂದನ್ನು ಹೊಲಿಯುವವರು ಚೌಡಪ್ಪ ಮಾಸ್ಟರ್. ನನ್ನ ಹಾಗೆ ಅವರೂ ತಲೆತಲಾಂತರದಿಂದ ಇಲ್ಲೇ ನೆಲೆನಿಂತ ಮಗ್ಗದ ಮನೆಯವರು, ಮನೆಯಲ್ಲಿ ಕನ್ನಡ, ಬಾಗಿಲು ದಾಟಿದರೆ ತಮಿಳು. ಯಾವುದೋ ದೂರದ ಲೆಕ್ಕದಲ್ಲಿ ನನಗೆ ಮಾಮ ಆಗಬೇಕು, ನಾನು ಅವರಿಗೆ ಮಾಪಿಳ್ಳೆ, ಅಂದರೆ ಅಳಿಯ. ನಮ್ಮಪ್ಪ ಹಟ ಹಿಡಿದು ಕಲಿಸಿದ್ದರಿಂದ ನನಗೆ ಕನ್ನಡ ಓದಲು ಬರೆಯಲು ಬರುತ್ತದೆ, ಮಾಮನಿಗೆ ಬಾರದು. ನಾನು ಕನ್ನಡ ಪುಸ್ತಕ ಹಿಡಿದರೆ ಅವರು ಅದನ್ನು ಬಟ್ಟೆಯ ಡಿಸೈನ್ ನೋಡಿದ ಹಾಗೆ ನೋಡಿ, ಎಷ್ಟೊಂದು ಸುರುಳಿ, ಹೊಲಿಯೋದು ಕಷ್ಟ ಎನ್ನುತ್ತಾರೆ.

ಎರಡು ತಿಂಗಳ ಹಿಂದಿನವರೆಗೂ ನಮ್ಮಲ್ಲಿ ಹೊತ್ತನ್ನು ಅಳೆಯುತ್ತಿದ್ದದ್ದು ಶಿಫ್ಟಿನ ಲೆಕ್ಕದಲ್ಲಿ. ಒಂದು ಶಿಫ್ಟು, ಒಂದೂವರೆ ಶಿಫ್ಟು, ಮುಗಿಯಿತು. ನಡುವೆ ಟೀ ಕುಡಿದದ್ದು, ದಾರ ಕಡಿದದ್ದು, ಕರೆಂಟು ಹೋದದ್ದು ಎಲ್ಲ ಆ ಹೊಟ್ಟೆಯೊಳಗೇ ಜೀರ್ಣವಾಗುತ್ತಿತ್ತು. ಆಮೇಲೆ ಮೊದಲಾಳಿಯವರ, ಅಂದರೆ ಯಜಮಾನರ, ಮಗಳು ಕವಿತಾ ಮೇಡಂ ಆಡಳಿತ ವಹಿಸಿಕೊಂಡು ಒಂದು ಸಾಫ್ಟ್‌ವೇರ್ ತಂದರು. ಅದರಲ್ಲಿ ಒಂದೊಂದು ಸ್ಯಾಂಪಲ್ಲಿಗೂ ಒಂದು ಕಾರ್ಡು. ಕೆಲಸ ಶುರುವಾದಾಗ ಹಸಿರು ಗುಂಡಿ ಒತ್ತಬೇಕು, ನಿಂತಾಗ ಕೆಂಪು ಗುಂಡಿ. ನಡುವಿನ ನಿಮಿಷಗಳನ್ನು ಅದೇ ಕೂಡಿಸಿ, ಕೂಲಿ, ಕರೆಂಟು, ಬಾಡಿಗೆಗಳಿಂದ ಗುಣಿಸಿ, ಈ ಟೀ ಶರ್ಟಿಗೆ ಇಷ್ಟು ಖರ್ಚು ಎಂದು ಕೆಳಗೆ ತೋರಿಸುತ್ತದೆ. ಯಾರ ಕಾರ್ಡೂ ಓಡದೆ ಇದ್ದರೆ ಅವರ ಹೆಸರಿನ ಮುಂದೆ ‘ಕೆಲಸವಿಲ್ಲ’ ಎಂದು ಬರುತ್ತದೆ. ಅದನ್ನು ಮೇಡಂ ತಮ್ಮ ಕೋಣೆಯಲ್ಲಿ ದೊಡ್ಡ ಪರದೆಯ ಮೇಲೆ ನೋಡುತ್ತಾರೆ. ಕೈಯೆಲ್ಲ ಮಿಷಿನ್ ಎಣ್ಣೆ, ಫೋನು ಮುಟ್ಟುವುದಿಲ್ಲ ಎಂದು ಮಾಮ ನುಣುಚಿಕೊಂಡರು. ಹೀಗಾಗಿ ಅವರ ಗುಂಡಿಗಳೂ ನನ್ನ ಫೋನಿಗೇ ಬಂದವು. ಬೀಗದ ವಿಷಯದಲ್ಲೇ ತನ್ನನ್ನು ತಾನು ನಂಬದವನ ಕೈಗೆ ಇನ್ನೊಬ್ಬರ ನಿಮಿಷಗಳನ್ನು ಕೊಟ್ಟದ್ದು ಯಾವ ನ್ಯಾಯವೋ ನಾನರಿಯೆ.

ಅಂದಿನಿಂದ ನನಗೆ ಕೂತಲ್ಲಿ ಕೂರಲಾಗದು. ಹಸಿರು ಒತ್ತಿದೆನೇ? ಫೋನು ತೆಗೆದು ನೋಡಿದರೆ ಒತ್ತಿರುತ್ತೇನೆ. ಒತ್ತಿದ್ದು ಈ ಕಾರ್ಡೋ ಪಕ್ಕದ್ದೋ? ಮತ್ತೆ ತೆಗೆಯುತ್ತೇನೆ. ಊಟಕ್ಕೆ ಕೂತು ಮೊದಲ ತುತ್ತು ಬಾಯಿಗಿಟ್ಟಾಗ ಕೆಂಪು ನೆನಪಾಗುತ್ತದೆ; ಎಡಗೈಯಲ್ಲಿ ಒತ್ತಲು ಹೋಗಿ ಯಾರಿಗೋ ಫೋನ್ ಹೋಗುತ್ತದೆ. ಸಂಜೆ ಎಲ್ಲವನ್ನೂ ತಿದ್ದಲು ಕೂತರೆ, ಟೀ ಹತ್ತು ನಿಮಿಷವೋ ಇಪ್ಪತ್ತೋ ಎಂದು ನನಗೂ ನನಗೂ ವಾದ. ನನ್ನ ಹೆಂಡತಿ ಶಾರದೆ ಇದನ್ನೆಲ್ಲ ಎರಡು ವಾರ ನೋಡಿ, ಮೂರನೆಯ ವಾರ ಕಾಫಿ ಲೋಟದ ಜೊತೆ ಬಂದು, ಬೆರೆಸಿದ್ದು ನಾಲ್ಕು ನಿಮಿಷ, ನಿಮ್ಮನ್ನು ಕೂಗಿದ್ದು ಆರು ನಿಮಿಷ, ಕಾರ್ಡಿನಲ್ಲಿ ಹಾಕಿಕೊಳ್ಳಿ ಎಂದಳು.

ಇಷ್ಟೇ ಆಗಿದ್ದರೆ ಬರೆಯುವ ಅಗತ್ಯವಿರಲಿಲ್ಲ. ಒಂದು ಸೋಮವಾರ ಮೇಡಂ ಕರೆಸಿ ಪರದೆ ತೋರಿಸಿದರು. ಕಾಲರಿನ ಒಂದು ಟೀ ಶರ್ಟು, ಮಾಮನ ಹೆಸರು, ಹನ್ನೆರಡು ದಿನದ ಹಿಂದಿನ ಬುಧವಾರ ಶುರು, ಹನ್ನೊಂದು ಗಂಟೆ ನಲವತ್ತು ನಿಮಿಷ. ಅಷ್ಟು ಹೊತ್ತಿಗೆ ಕೆಳಗೆ ಬಂದಿದ್ದ ಖರ್ಚಿನಲ್ಲಿ ನಾನು ದೀಪಾವಳಿಗೆ ಮನೆಮಂದಿಗೆಲ್ಲ ಬಟ್ಟೆ ತರಬಹುದಿತ್ತು. ಮೇಡಂ ಕೋಪಿಸಿಕೊಳ್ಳಲಿಲ್ಲ, ಅದೇ ಭಯ. ಮಾಸ್ಟರಿಗೆ ವಯಸ್ಸಾಯಿತು, ಸ್ಯಾಂಪಲ್ಲುಗಳನ್ನು ಪಲ್ಲಡಂ ಕಡೆ ಹೊರಗಿನವರಿಗೆ ಜಾಬ್ ವರ್ಕಿಗೆ ಕೊಟ್ಟು ಅವರನ್ನು ಲೈನಿಗೆ ಹಾಕಬಹುದಲ್ಲ ಎಂದು ತಣ್ಣಗೆ ಹೇಳಿದರು. ನಿಜವಾಗಿಯೂ ಇಷ್ಟು ಹೊತ್ತು ಹಿಡಿಯಿತೋ, ಅಥವಾ ಲೆಕ್ಕ ತಪ್ಪೋ, ಶುಕ್ರವಾರದೊಳಗೆ ನೀವೇ ಹೇಳಿ ಎಂದರು.

ಲೈನು ಎಂದರೆ ಸಾಲಾಗಿ ಮೂವತ್ತು ಮಿಷಿನು. ಒಬ್ಬರು ದಿನವೆಲ್ಲ ಬರೀ ತೋಳು ಹಚ್ಚುವುದು, ಪಕ್ಕದವರು ದಿನವೆಲ್ಲ ಬರೀ ಅಂಚು ಮಡಿಸುವುದು. ಮಾಮನ ಕಿವಿಗೆ ಸುದ್ದಿ ನಾನು ಹೇಳುವ ಮೊದಲೇ ಬಿದ್ದಿತ್ತು.

“ಒಂದು ಉಡುಪು ಪೂರ್ತಿ ಹೊಲ್ದು, ಕೊಡವಿ, ಬೆಳಕಿಗೆ ಹಿಡಿದು ನೋಡೋ ಕೈ ಮಾಪಿಳ್ಳೆ ಇದು,” ಎಂದರು ಮಾಮ. “ಬರೀ ತೋಳು ಹಚ್ತಾ ಕೂತ್ರೆ ಅದು ಯಾರ ಅಂಗಿ ಅಂತಾನೂ ನಂಗೆ ತೆಲಿಯಲ್ಲ.”

ಆ ಬುಧವಾರ ಅಷ್ಟೊಂದು ಹೊತ್ತು ಏಕಾಯಿತು ಎಂದು ಕೇಳಿದೆ.

“ನಂಗೇನ್ ಗೊತ್ತು? ಕಾಲರ್ ಟೀ ಶರ್ಟು ಯಾವಾಗ್ಲೂ ಮೂರು ಗಂಟೇನೇ. ನನ್ನ ನೇರ ಎಲ್ಲಾ ನಿನ್ನ ಜೇಬಲ್ಲಿ ತಾನೇ ಇರೋದು?”

ಹೊತ್ತಿಗೆ ನಾವು ತಮಿಳಿನ ಹಾಗೆ ನೇರ ಎನ್ನುತ್ತೇವೆ. ಅವರ ನೇರವನ್ನು ಜೇಬಿನಲ್ಲಿಟ್ಟುಕೊಂಡು ನಾನು ಮೂರು ದಿನ ಅಡ್ಡಾಡಿದೆ. ಆ ಬುಧವಾರ ಏನಾಯಿತು? ಕಾರ್ಡಿನಲ್ಲಿ ಶುರುವಾದ ದಿನ ಇತ್ತು, ಒಟ್ಟು ಹೊತ್ತು ಇತ್ತು, ಬೇರೇನೂ ಇರಲಿಲ್ಲ. ಕೆಂಪು ಒತ್ತಲು ಮರೆತೆ ಎಂದು ಆಣೆ ಮಾಡಲು ಹೊರಟರೆ, ಮಾಮನನ್ನು ಉಳಿಸಿಕೊಳ್ಳುವ ಆಸೆಯಿಂದ ಹಾಗೆ ನೆನಪಾಗುತ್ತಿದೆಯೇನೋ ಎನಿಸುತ್ತಿತ್ತು. ಅವರು ನಿಜವಾಗಿಯೂ ನಿಧಾನವಾಗಿದ್ದಾರೆ ಎಂದುಕೊಂಡರೆ, ಕನ್ನಡಕ ಒರೆಸಿಕೊಳ್ಳುವುದು ಈಚೆಗೆ ಹೆಚ್ಚಾಗಿದೆಯಲ್ಲ ಎಂದು ಅದಕ್ಕೂ ಒಂದು ನೆನಪು ಕೈಕಟ್ಟಿ ಬಂದು ನಿಲ್ಲುತ್ತಿತ್ತು. ಕರೆದವರ ಕಡೆಗೆಲ್ಲ ಸಾಕ್ಷಿ ಹೇಳುವ ನೆನಪನ್ನು ಯಾರು ನಂಬುತ್ತಾರೆ? ಟೀ ಅಂಗಡಿಯವನನ್ನು ಕೇಳಿದೆ. ಅವನಿಗೆ ಗೊತ್ತಿದ್ದದ್ದು ನಾನು ಆ ದಿನ ಎರಡು ಸಲ ಕಾಸು ಕೊಡಲು ಬಂದೆ ಎಂಬುದು ಮಾತ್ರ. ಆದರೆ ಅದು ನಾನು ಪ್ರತಿ ದಿನವೂ ಮಾಡುವುದೇ.

ಗುರುವಾರ ಬೆಳಿಗ್ಗೆ ಶಾರದೆಯನ್ನು ಕೇಳಿದೆ: ಹದಿನೈದು ದಿನದ ಹಿಂದಿನ ಬುಧವಾರ ನಿನಗೆ ಏನಾದರೂ ನೆನಪಿದೆಯೇ? ಅವಳು ದೋಸೆ ಮಗುಚುತ್ತ, ತಿರುಗಿಯೂ ನೋಡದೆ ಹೇಳಿದಳು.

“ಏನುಂಗ, ಅವತ್ತು ಅಮಾವಾಸ್ಯೆ ಅಲ್ವಾ? ಕಾಗೆಗೆ ಅನ್ನ ಇಡಿ ಅಂತ ನಿಮ್ಮನ್ನ ಮೇಲೆ ಕಳಿಸ್ದೆ. ಇಟ್ಟು ಬಂದ್ರಿ. ಇಟ್ನೋ ಇಲ್ವೋ ಅಂತ ತಿರುಗ ಹೋಗಿ ನೋಡಿದ್ರಿ. ಅಷ್ಟೊತ್ತಿಗೆ ಕಾಗೆ ತಿಂದ್ಬಿಟ್ಟಿತ್ತು. ಇಡ್ಲೇ ಇಲ್ಲ ಅಂತ ನನ್ನ ಪಾಲಿನ ವಡೆನೂ ತಗೊಂಡು ಹೋಗಿ ಇಟ್ರಿ.”

ಅಮಾವಾಸ್ಯೆ ಎಂದ ಕೂಡಲೇ ಎಲ್ಲವೂ ಸರಸರನೆ ಎದ್ದು ನಿಂತಿತು. ನಮ್ಮ ಮಗ್ಗದ ಮನೆಗಳಲ್ಲಿ ಅಮಾವಾಸ್ಯೆಯ ದಿನ ಮಗ್ಗಕ್ಕೆ ಬಿಡುವು, ಯಾರೂ ನೇಯುವುದಿಲ್ಲ. ಮಾಮನ ಮನೆಯ ಮಗ್ಗ ಬಿಚ್ಚಿ ಮೂವತ್ತು ವರ್ಷವಾದರೂ ಆ ಬಿಡುವನ್ನು ಅವರು ಹೊಲಿಗೆ ಮಿಷಿನ್ನಿಗೆ ದಾಟಿಸಿದ್ದಾರೆ. ಕಂಪನಿಗೆ ರಜೆಯಿಲ್ಲ, ಅವರೂ ತಪ್ಪದೆ ಬರುತ್ತಾರೆ. ಮಿಷಿನ್ ಬಿಚ್ಚಿ ಒರೆಸಿ ಎಣ್ಣೆ ಹಾಕುತ್ತಾರೆ, ಪೇಪರಿನ ಅಳತೆಗಳನ್ನು ಜೋಡಿಸುತ್ತಾರೆ, ಸೂಜಿ ಮಾತ್ರ ಮುಟ್ಟುವುದಿಲ್ಲ. ಶಿಫ್ಟಿನ ಕಾಲದಲ್ಲಿ ಇದು ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಸಾಫ್ಟ್‌ವೇರ್ ಬಂದ ಮೇಲಿನ ಮೊದಲ ಅಮಾವಾಸ್ಯೆ ಅದು. ಮೇಡಂ ಪರದೆಯಲ್ಲಿ ಮಾಮನ ಹೆಸರಿನ ಮುಂದೆ ‘ಕೆಲಸವಿಲ್ಲ’ ಎಂದು ದಿನವಿಡೀ ಬರುವುದು ಬೇಡವೆಂದು, ನಾನೇ, ಪೂರ್ಣ ಎಚ್ಚರದಲ್ಲಿ, ಮೇಜಿನ ಮೇಲಿದ್ದ ಟೀ ಶರ್ಟಿನ ಹಸಿರು ಗುಂಡಿಯನ್ನು ಬೆಳಿಗ್ಗೆ ಒತ್ತಿ, ಸಂಜೆ ಕೆಂಪು ಒತ್ತಿದ್ದೆ. ಎಂಟು ಗಂಟೆ ನಲವತ್ತು ನಿಮಿಷ ನನ್ನ ಉಪಕಾರ. ಮಾರನೆಯ ದಿನದ ಮೂರು ಗಂಟೆ ಮಾಮನ ಹೊಲಿಗೆ. ಅವರ ಕುರ್ಚಿ ಉಳಿಸಲು ಹೋಗಿ ಅದರ ಕಾಲು ಮುರಿದವನು ನಾನು.

ಇಪ್ಪತ್ತು ವರ್ಷದಲ್ಲಿ ಮೊದಲ ಸಲ ನನಗೆ ಒಂದು ವಿಷಯ ಅನುಮಾನವಿಲ್ಲದೆ ನೆನಪಿತ್ತು, ಅದನ್ನು ಬಾಯಿಬಿಟ್ಟು ಹೇಳುವಂತಿರಲಿಲ್ಲ. ಹೇಳಿದರೆ ಮಾಮನ ಅಮಾವಾಸ್ಯೆ ಬಯಲಾಗುತ್ತದೆ. ತಿಂಗಳಿಗೊಂದು ದಿನ ಹೊಲಿಯದ ಟೈಲರನ್ನು ಯಾವ ಮೇಡಂ ಒಪ್ಪುತ್ತಾರೆ? ಅದಕ್ಕೇ ಶುಕ್ರವಾರ ಅವರ ಕೋಣೆಗೆ ಹೋಗಿ, ತಪ್ಪು ನನ್ನದು, ನಿಜವಾದ ಹೊತ್ತು ಮೂರೇ ಗಂಟೆ, ಕೆಂಪು ಒತ್ತಲು ಮರೆತುಬಿಟ್ಟೆ ಎಂದೆ. ಅವರು ನಂಬಲಿಕ್ಕಿಲ್ಲವೆಂದು ನೆನಪಿನ ದೌರ್ಬಲ್ಯದ ಬಗ್ಗೆ ಒಂದು ಸಣ್ಣ ಉಪನ್ಯಾಸವನ್ನೂ ಬಸ್ಸಿನಲ್ಲಿ ಸಿದ್ಧಮಾಡಿಕೊಂಡಿದ್ದೆ. ಅದು ಬೇಕಾಗಲಿಲ್ಲ.

“ತೆರಿಯುಂ ಸಾರ್,” ಎಂದರು ಮೇಡಂ. ಗೊತ್ತು ಸಾರ್ ಎಂದಷ್ಟೇ ಅದರ ಅರ್ಥ. ಮರೆಯುವವರು ನೀವಲ್ಲದೆ ಇನ್ಯಾರು ಎಂಬ ಬಾಕಿ ಎಲ್ಲ ಅವರ ಮುಖದಲ್ಲಿತ್ತು. ಹನ್ನೊಂದು ಗಂಟೆಯನ್ನು ಅಳಿಸಿ ಮೂರು ಮಾಡಿದರು. ಪಲ್ಲಡಂ ಮಾತು ಮತ್ತೆ ಬರಲಿಲ್ಲ. ಆದರೆ ಮಾಮನ ಗುಂಡಿಗಳನ್ನು ನನ್ನ ಫೋನಿನಿಂದ ತೆಗೆಸಿ, ಅವರ ಮಿಷಿನ್ ಪಕ್ಕದಲ್ಲೇ ಒಂದು ಹಳೆಯ ಫೋನನ್ನು ಒರೆಸುವ ಬಟ್ಟೆಯ ಜೊತೆ ಇಡಿಸಿದರು. ಪ್ರಾಣ ಉಳಿದರೂ ಮನಸ್ಸಿಗೆ ಚುರುಕ್ಕೆಂದಿತು. ಒಬ್ಬ ಮನುಷ್ಯ ಜೀವಮಾನದಲ್ಲಿ ಒಂದು ಸುಳ್ಳನ್ನು ಇಷ್ಟು ಕಷ್ಟಪಟ್ಟು ಹೇಳಿದಾಗ, ಕೇಳುವವರು ಸ್ವಲ್ಪವಾದರೂ ಅನುಮಾನಪಟ್ಟರೆ ಚೆನ್ನ.

ಮುಂದಿನ ಅಮಾವಾಸ್ಯೆ ಹತ್ತಿರ ಬಂದಂತೆ ಮತ್ತೆ ನಿದ್ದೆ ಕೆಟ್ಟಿತು. ಈಗ ಗುಂಡಿ ಅವರ ಕೈಯಲ್ಲಿದೆ, ಏನು ಮಾಡುತ್ತಾರೋ? ಆ ದಿನ ಬೇಗ ಹೋದೆ. ಮಾಮ ಆಗಲೇ ಮಿಷಿನ್ ಬಿಚ್ಚಿ ಹರಡಿಕೊಂಡಿದ್ದರು. ಫೋನಿನಲ್ಲಿ ಒಂದು ಹೊಸ ಕಾರ್ಡು ಓಡುತ್ತಿತ್ತು. ಮಿಷಿನ್ ಸರ್ವೀಸ್, ತಿಂಗಳಿಗೊಂದು ದಿನ, ಕಂಪನಿ ಖರ್ಚು. ಯಾರು ಹಾಕಿದ್ದು ಎಂದು ಕೇಳಿದೆ.

“ಆ ಕಣ್ಣೇ ಹಾಕ್ಕೊಟ್ಟಿದ್ದು,” ಎಂದರು. ಕಣ್ಣು ಎಂದರೆ ಮೇಡಂ. ಮಾಮ ಅವರನ್ನು ಫ್ರಾಕು ಹಾಕುವ ವಯಸ್ಸಿನಿಂದ ಬಲ್ಲರು. “ನಿನ್ನೆ ಹೋಗಿ ಹೇಳ್ದೆ, ನಾಳೆ ಅಮಾವಾಸ್ಯೆ, ಸೂಜಿ ಮುಟ್ಟಲ್ಲ, ಎಣ್ಣೆ ಹಾಕ್ತೀನಿ ಅಂತ. ಸರಿ ತಾತಾ ಅಂತು. ಯಾಕ್ ಮಾಪಿಳ್ಳೆ, ಕೇಳ್ಬಾರ್ದಿತ್ತಾ?”

ಬೀಗವನ್ನು, ಬಸ್ಸಿನ ಟಿಕೆಟನ್ನು, ಕಾಗೆ ತಿಂದ ಅನ್ನವನ್ನು, ಸ್ವಂತ ಮೇಷ್ಟರನ್ನು ಕೂಡ ಸಂಶಯದಿಂದ ನೋಡಿದ ನಾನು, ಮೇಡಂ ಒಪ್ಪುವುದಿಲ್ಲ ಎಂಬುದೊಂದನ್ನು ಮಾತ್ರ ಒಂದು ಸಲವೂ ಸಂಶಯಿಸಿರಲಿಲ್ಲ.