ಎಡಕ್ಕೆ ಸುತ್ತಿದ ಪ್ರೋಟೀನು

ನನ್ನ ಪ್ರೋಟೀನು ನಾಲ್ಕು ಜನರಿಗೆ ತೋರಿಸಲು ಯೋಗ್ಯವಾಗಿದೆ ಎಂಬುದರಲ್ಲಿ ನನಗೆ ಲವಲೇಶವೂ ಅನುಮಾನವಿರಲಿಲ್ಲ. ಪ್ರೋಟೀನೆಂದರೆ ಮೊಟ್ಟೆ, ಹೆಸರುಕಾಳು ಎಂದುಕೊಳ್ಳಬೇಡಿ. ಮೈಯೊಳಗಿನ ಒಂದೊಂದು ಪ್ರೋಟೀನೂ ಮಣಿಸರದಂತೆ ಉದ್ದಕ್ಕಿದ್ದು, ತಾನಾಗಿಯೇ ಸುತ್ತಿ ಮಡಚಿಕೊಂಡು ಒಂದು ಆಕಾರಕ್ಕೆ ಬರುತ್ತದೆ. ಆ ಆಕಾರವನ್ನು ಊಹಿಸಲು ಕಂಪ್ಯೂಟರಿಗೆ ಕಲಿಸುವುದು ಹೆಬ್ಬಾಳದ ಹತ್ತಿರದ ಸಂಶೋಧನಾ ಸಂಸ್ಥೆಯೊಂದರಲ್ಲಿ ನನ್ನ ಉದ್ಯೋಗ. ತಾತ್ಕಾಲಿಕ ಉದ್ಯೋಗ! ಅದು ಮುಂದುವರಿಯಬೇಕೋ ಬೇಡವೋ ಎಂದು ಸಮಿತಿಯೊಂದು ಆ ಸೋಮವಾರ ತೀರ್ಮಾನಿಸುವುದಿತ್ತು. ಒಂದು ವಾರದಿಂದ ನನಗೆ ಊಟ ಸೇರುತ್ತಿರಲಿಲ್ಲ.

ಹಿಂದಿನ ಸಲ ನಾನು ಪರದೆಯ ಮೇಲೆ ಚಿತ್ರ ತೋರಿಸುವಾಗ ಸಮಿತಿಯ ಅಧ್ಯಕ್ಷರು ಗೊರಕೆ ಹೊಡೆದಿದ್ದರು. ಕೈಯಲ್ಲಿ ಹಿಡಿದು ನೋಡುವಂಥ ಮಾದರಿ ಕೊಟ್ಟರೆ ನಿದ್ದೆ ಬರಲಾರದೆಂದು, ಬಾಗಲಗುಂಟೆಯ ನಮ್ಮ ಪಕ್ಕದ ಮನೆಯ ಗ್ರಿಲ್ ಕೆಲಸದ ಮುನಿರಾಜಣ್ಣನಿಗೆ ಕಂಪ್ಯೂಟರ್ ಚಿತ್ರಗಳನ್ನು ಒಪ್ಪಿಸಿದೆ.

“ಇಂಗೇ ಸುತ್ಬೇಕಾ ಮೇಡಂ? ಒಸಿ ಅಂಗಿಂಗೆ ಆದ್ರೆ ನಡೀತದಾ?”

“ಕೂದಲೆಳೆಯಷ್ಟೂ ವ್ಯತ್ಯಾಸ ಆಗ್ಬಾರ್ದು ಮುನಿರಾಜಣ್ಣ. ಇದು ವಿಜ್ಞಾನ!”

ಅವರು ಕೂದಲೆಳೆಯಷ್ಟೂ ವ್ಯತ್ಯಾಸ ಮಾಡಲಿಲ್ಲ. ಆದರೆ ಅಳತೆ ಹೇಳಲು ನಾನು ಮರೆತಿದ್ದೆ. ಕಿಟಕಿ ಸರಳಿನ ಪ್ರೋಟೀನು ನಮ್ಮ ಮುಂಬಾಗಿಲಲ್ಲಿ ಸಿಕ್ಕಿಹಾಕಿಕೊಂಡಿತು! ಮೇಲೆ ಪ್ರೀತಿಯಿಂದ ಬಳಿದ ಬಂಗಾರದ ಬಣ್ಣ ಬೇರೆ. ನನ್ನ ಗಂಡ ಶ್ರೀಧರ ಅದರ ಸುತ್ತಲೂ ನೋಡಿ, “ಇದು ಮೈಯೊಳಗೆ ಇರುತ್ತೇನೇ? ಅದಕ್ಕೇ ನಂಗೆ ಸೊಂಟ ಹಿಡ್ಕೊಳ್ಳೋದು” ಅಂದರು.

ಸೋಮವಾರ ಅದನ್ನು ತೊಡೆಯ ಮೇಲೆ ಮಲಗಿಸಿಕೊಂಡು ಆಟೋ ಹತ್ತಿದೆ. ಗಂಗಮ್ಮನ ಸರ್ಕಲ್ಲಿನಲ್ಲಿ ಟ್ರಾಫಿಕ್ ನಿಂತಿತು. ಕೊನೆಗಳಿಗೆಯ ಓದಿಗೆಂದು ಪಠ್ಯಪುಸ್ತಕ ಬಿಚ್ಚಿದೆ. ಅಲ್ಲಿನ ಚಿತ್ರದಲ್ಲಿ ಪ್ರೋಟೀನಿನ ಸುರುಳಿ ಬಲಕ್ಕೆ ಸುತ್ತುತ್ತಾ ಮೇಲೇರುತ್ತಿತ್ತು. ನನ್ನದು ಎಡಕ್ಕೆ!

ಪ್ರೋಟೀನಿನ ಇಂಥ ಸುರುಳಿ ಸುತ್ತುವುದು ಬಲಕ್ಕೇ. ಸೊಳ್ಳೆಯದೂ ಬಲಕ್ಕೆ, ನಮ್ಮ ಅತ್ತೆಯವರದೂ ಬಲಕ್ಕೆ. ನಾನು ಕಂಪ್ಯೂಟರಿಗೆ ಕಲಿಸಿದ್ದು ಯಾವ ಮಣಿಯಿಂದ ಯಾವ ಮಣಿ ಎಷ್ಟು ದೂರ ಎಂಬುದನ್ನಷ್ಟೇ. ಬೆರಳುಗಳ ನಡುವಿನ ದೂರ ಎರಡೂ ಕೈಯಲ್ಲಿ ಒಂದೇ ಅಲ್ಲವೇ? ಹಾಗಾಗಿ ಅದು ಎಡಗೈಯನ್ನೇ ಬಲಗೈ ಎಂದು ಕೊಟ್ಟಿತ್ತು. ನಾನು ಅದಕ್ಕೆ ಭರ್ಜರಿ ಅಂಕ ಕೊಟ್ಟು ಬೀಗಿದ್ದೆ.

ಮಾದರಿಯನ್ನು ತಲೆಕೆಳಗು ಮಾಡಿದೆ. ಎಡವೇ. ಹಿಂದುಮುಂದು ಮಾಡಿದೆ. ಎಡವೇ. ಚೂಪು ತುದಿ ಡ್ರೈವರನ ಬೆನ್ನಿಗೆ ತಿವಿಯಿತು. ಆಗಲೂ ಎಡವೇ!

“ಏನ್ ಮೇಡಂ, ಸಾಯಿಸ್ತೀರಾ?” ಎಂದು ಆತ ಕನ್ನಡಿಯಲ್ಲಿ ನನ್ನನ್ನು ದುರುಗುಟ್ಟಿ ನೋಡಿದ. ಆ ಕನ್ನಡಿಯಲ್ಲಿ ನನ್ನ ಪ್ರೋಟೀನು ಬಲಕ್ಕೆ ಸುತ್ತಿತ್ತು!

ದಾರಿಯ ಫ್ಯಾನ್ಸಿ ಸ್ಟೋರಿನ ಮುಂದೆ ಆಟೋ ನಿಲ್ಲಿಸಿ, ಗುಲಾಬಿ ಹೂವಿನ ಚೌಕಟ್ಟಿನ ಕನ್ನಡಿಯೊಂದನ್ನು ಕೊಂಡೆ.

“ಗಂಡಿನ ಕಡೆಯೋರು ಬರ್ತಿದಾರಾ ಮೇಡಂ?” ಎಂದ ಡ್ರೈವರ್, ಈಗ ಮರುಕದಿಂದ.

ಸಮಿತಿಯ ಮುಂದೆ ಮಾದರಿಯ ಪಕ್ಕ ಕನ್ನಡಿ ನಿಲ್ಲಿಸಿ, “ಮಾನ್ಯರು ದಯವಿಟ್ಟು ಪ್ರೋಟೀನನ್ನು ಕನ್ನಡಿಯ ಮೂಲಕವೇ ಅವಲೋಕಿಸಬೇಕು” ಎಂದು ವಿನಂತಿಸಿದೆ. ಅಧ್ಯಕ್ಷರು ಬಗ್ಗಿ ನೋಡಿ, ಮೀಸೆ ಸರಿಮಾಡಿಕೊಂಡು ಕೂತರು. ನಿದ್ದೆಯಂತೂ ಬರಲಿಲ್ಲ!

ಸಮಿತಿಯಲ್ಲಿದ್ದ ಹಿರಿಯ ಪ್ರೊಫೆಸರಮ್ಮ ಮಾತ್ರ ಒಮ್ಮೆ ಕನ್ನಡಿ, ಒಮ್ಮೆ ಕಬ್ಬಿಣ ನೋಡಿದರು.

“ಏನಮ್ಮಾ, ನಿನ್ನ ಕಂಪ್ಯೂಟರಿಗೆ ಎಡ ಬಲ ಗೊತ್ತಾಗಲ್ವಾ?”

“ಇಲ್ಲ ಮೇಡಂ.”

“ನಿಂಗೆ ಯಾವಾಗ ಗೊತ್ತಾಯ್ತು?”

“ಆಟೋದಲ್ಲಿ, ಮೇಡಂ.”

ಹೊರಗೆ ಕಾಯಲು ಹೇಳಿದರು. ಕಾರಿಡಾರಿನ ಬೆಂಚಿನ ಮೇಲೆ ಕೂತು, ಕೆಲಸ ಹೋಯಿತೆಂದೇ ಅಂದುಕೊಂಡು ಅತ್ತೆ. ಒಳಗಿನಿಂದ ನಗು ಕೇಳಿದಾಗ ಇನ್ನಷ್ಟು ಅತ್ತೆ. ಕೊನೆಗೆ ಪ್ರೊಫೆಸರಮ್ಮನೇ ಹೊರಗೆ ಬಂದು ತೀರ್ಪು ಹೇಳಿದರು. ಕಣ್ಣೊರೆಸಿಕೊಂಡು ಶ್ರೀಧರರಿಗೆ ಫೋನ್ ಮಾಡಿದೆ.

“ಇನ್ನೊಂದು ವರ್ಷ ಕೊಟ್ರು ರೀ!”

“ಭೇಷ್! ಏನ್ ಸಂಶೋಧನೆಗೆ?”

“ಎಡ ಯಾವುದು, ಬಲ ಯಾವುದು ಅಂತ ಕಲಿಸೋಕೆ.”



“ಕಂಪ್ಯೂಟರಿಗಾ, ನಿನಗಾ?”

“ಅವರು ಅದನ್ನ ಬಿಡಿಸಿ ಹೇಳ್ಲಿಲ್ಲ ರೀ. ನಾನೂ ಕೇಳೋಕ್ ಹೋಗ್ಲಿಲ್ಲ.”