ನಗಬೇಡಿ, ಫೋಟೊ ತೆಗೀತಾ ಇದೀನಿ

ಪಾಸ್‌ಪೋರ್ಟ್ ಫೋಟೊದಲ್ಲಿ ನಗುವ ಹಾಗಿಲ್ಲ ಎಂಬ ನಿಯಮ ಬಂದಾಗಿನಿಂದ ಜನ ತಮ್ಮ ನಗುವನ್ನೆಲ್ಲ ನನ್ನ ಸ್ಟುಡಿಯೊದಲ್ಲೇ ಬಿಟ್ಟು ಹೋಗುತ್ತಿದ್ದಾರೆ. ವಿಜಯನಗರದ ಮಾರ್ಕೆಟ್ ರಸ್ತೆಯಲ್ಲಿ, ಬಟ್ಟೆ ಅಂಗಡಿಗೂ ಕನ್ನಡಕದ ಅಂಗಡಿಗೂ ನಡುವೆ ಒತ್ತರಿಸಿಕೊಂಡು ನಿಂತಿರುವ ಸ್ಟುಡಿಯೊ ನನ್ನದು. ಮೂವತ್ತು ವರ್ಷದಿಂದ ನಾನು ಕ್ಯಾಮೆರಾದ ಹಿಂದೆ, ನನ್ನ ಹೆಂಡತಿ ಮೊದಲು ಟಚಿಂಗ್ ಬ್ರಷ್ ಹಿಡಿದು, ಆಮೇಲೆ ಕಂಪ್ಯೂಟರಿನ ಮುಂದೆ. ನಾನು ಇದ್ದದ್ದನ್ನು ತೆಗೆಯುತ್ತೇನೆ, ಅವಳು ಇರಬಾರದ್ದನ್ನು ಅಳಿಸುತ್ತಾಳೆ. ಮೊಡವೆ, ಮಚ್ಚೆ, ಕಣ್ಣಿನ ಕೆಳಗಿನ ಕಪ್ಪು. ಒಂದು ಸಲ ಒಂದು ಮನೆಯವರ ಹಳೇ ಅಳಿಯನನ್ನೂ ಅಳಿಸಿದ್ದಾಳೆ.

ನನಗಿರುವುದು ಒಂದೇ ಕೊರಗು. ನಾನು ತೆಗೆದ ಫೋಟೊಗಳೆಲ್ಲ ಬೆನ್ನಿಗೆ ಗಮ್ ಹಚ್ಚಿಸಿಕೊಂಡು ಯಾವುದೋ ಕಚೇರಿಯ ಕಡತ ಸೇರುತ್ತವೆ. ಒಂದೋ ಎರಡೋ ಗೋಡೆ ಏರಿದರೂ, ಅದು ಒಳಗಿರುವವರು ತೀರಿಕೊಂಡ ಮೇಲೆ. ಬದುಕಿರುವ ಮನುಷ್ಯರ ಫೋಟೊ ಒಂದಾದರೂ, ಕೆಳಗೆ ನನ್ನ ಹೆಸರಿರುವ ಚೀಟಿಯೊಂದಿಗೆ, ಒಂದು ಪ್ರದರ್ಶನದ ಗೋಡೆಯ ಮೇಲೆ ನೋಡಬೇಕು ಎಂಬುದು ನನ್ನ ಆಸೆ. ಆ ಆಸೆ ಒಂದು ಕಡೆ, ಗಿರಾಕಿಗಳು ಇನ್ನೊಂದು ಕಡೆ. ನಡುವೆ ನಾನು.

ಫಿಲ್ಟರ್ ಆಂಟಿ

ಬಸವೇಶ್ವರನಗರದಿಂದ ಒಬ್ಬರು ಆಂಟಿ ಬಂದರು. ನನ್ನ ವಯಸ್ಸಿನವರೇ, ನಾನು ಆಂಟಿ ಅನ್ನಬಾರದು, ಆದರೆ ಅಂಗಡಿ ಇಟ್ಟವನಿಗೆ ಎಲ್ಲರೂ ಆಂಟಿಯೇ. ಯಾವುದೋ ಗುರುತಿನ ಚೀಟಿಗೆ ಫೋಟೊ ಬೇಕಿತ್ತು. ಸ್ಟೂಲಿನ ಮೇಲೆ ಕೂರಲು ಒಪ್ಪಲಿಲ್ಲ. ಫೋನ್ ತೆಗೆದು, "ಇದನ್ನೇ ಪ್ರಿಂಟ್ ಹಾಕ್ಕೊಡಿ" ಎಂದರು. ಫೋನಿನಲ್ಲಿದ್ದದ್ದು ಅವರೇ, ಆದರೆ ಮುಖದಲ್ಲಿ ಒಂದು ಗೆರೆ ಇಲ್ಲ, ಕೆನ್ನೆ ಗುಲಾಬಿ, ಕಣ್ಣು ಎರಡರಷ್ಟು.

"ಮೇಡಂ, ಇದಕ್ಕೆ ಫಿಲ್ಟರ್ ಬಿದ್ದಿದೆ, ಅಲ್ಲಿ ಒಪ್ಪಲ್ಲ" ಎಂದೆ.

"ನಂಗೊತ್ತಿಲ್ಲದ ಫಿಲ್ಟರ್ರಾ? ಹಾಕಿ ಸಾರ್ ನೀವು."

ಹಾಕಿಕೊಟ್ಟೆ. ಮಾರನೇ ದಿನ ಮತ್ತೆ ಬಂದರು. ಜಗಳಕ್ಕೇ ಬಂದರು ಎಂದುಕೊಂಡು ನಾನು ಕೌಂಟರಿನ ಹಿಂದೆ ಸರಿದೆ. ಆದರೆ ಅವರ ಮುಖ ನಿಜವಾಗಿಯೂ ಗುಲಾಬಿಯಾಗಿತ್ತು.

"ಒಪ್ಪಲಿಲ್ಲ ಸಾರ್. ಕೌಂಟರಲ್ಲಿದ್ದ ಹುಡುಗ ಫೋಟೊ ನೋಡ್ದ, ನನ್ನ ನೋಡ್ದ, 'ಅಮ್ಮ ಬಂದ್ರೆ ಆಗಲ್ಲ ಆಂಟಿ, ಮಗಳನ್ನೇ ಕರ್ಕೊಂಡ್ ಬನ್ನಿ' ಅಂದ."

"ಛೇ, ಸಾರಿ ಮೇಡಂ. ಕೂತ್ಕೊಳ್ಳಿ, ಈಗ ಸರಿಯಾಗಿ ಒಂದು ತೆಗೀತೀನಿ."

"ಅದು ಆಮೇಲೆ ತೆಗೀರಿ. ಮೊದಲು ಇದೇ ಇನ್ನೂ ಹತ್ತು ಕಾಪಿ ಹಾಕಿ!"

ರೀಲು

ನಮ್ಮ ಕಾಲದಲ್ಲಿ ರೀಲು ಹಾಕುತ್ತಿದ್ದದ್ದು ಕ್ಯಾಮೆರಾಕ್ಕೆ, ಬಿಡುತ್ತಿದ್ದದ್ದು ಬಾಯಲ್ಲಿ. ಈಗ ಎರಡೂ ಫೋನಿನಲ್ಲೇ ನಡೆಯುತ್ತವೆ. ಹಾಗಿರುವಾಗ ಕೆಂಗೇರಿ ಕಡೆಯ ಕಾಲೇಜು ಹುಡುಗನೊಬ್ಬ ಬಂದು, "ಅಂಕಲ್, ಹಳೇ ರೀಲ್ ಕ್ಯಾಮೆರಾ ಇದ್ಯಾ? ಈಗ ಅದೇ ಟ್ರೆಂಡು" ಎಂದಾಗ ನನಗೆ ಕಣ್ಣು ಒದ್ದೆಯಾಯಿತು. ಅಟ್ಟದಿಂದ ನನ್ನ ಹಳೇ ಕ್ಯಾಮೆರಾ ಇಳಿಸಿ, ಧೂಳು ಒರೆಸಿ, ಕಪ್ಪು ಬಿಳುಪಿನ ರೀಲು ಹಾಕಿ, ಮೂವತ್ತಾರು ಫೋಟೊ ಬರುತ್ತದೆ, ಜೋಪಾನ ಎಂದು ಕೈಗಿಟ್ಟೆ.

ಮೂರು ದಿನ ಬಿಟ್ಟು ತಂದ. ತೊಳೆದು ನೋಡಿದರೆ ಮೂವತ್ತಾರೂ ಬೆಳಕು ಬಿದ್ದು ಹಾಳು. ಪ್ರಿಂಟ್ ಹಾಕಿದರೆ ಸುಣ್ಣ ಬಳಿದ ಗೋಡೆಯ ಹಾಗೆ ಬಿಳೀ ಕಾಗದ.

"ಏನಪ್ಪಾ ಮಾಡ್ದೆ ಇದಕ್ಕೆ?"

"ಏನಿಲ್ಲ ಅಂಕಲ್. ಒಂದೊಂದು ಫೋಟೊ ತೆಗೆದ ಮೇಲೂ ಹೆಂಗ್ ಬಂದಿದೆ ಅಂತ ಹಿಂದ್ಗಡೆ ಬಾಗಿಲು ತೆಗೆದು ನೋಡ್ತಿದ್ದೆ. ಡಿಸ್‌ಪ್ಲೇ ಎಲ್ಲಿದೆ ಅಂತ್ಲೇ ಗೊತ್ತಾಗ್ಲಿಲ್ಲ."

ತಲೆ ಚಚ್ಚಿಕೊಂಡೆ. ಅವನು ಮಾತ್ರ ಪ್ರಿಂಟುಗಳನ್ನು ಒಂದೊಂದಾಗಿ ನೋಡಿ, "ಸೂಪರ್ ಅಂಕಲ್" ಎಂದು ಎತ್ತಿಕೊಂಡು ಹೋದ. ವಾರದ ಮೇಲೆ ಬಂದು ಫೋನು ತೋರಿಸಿದ. ಒಂದು ಬಿಳೀ ಕಾಗದವನ್ನು ಹಾಕಿ, ಕೆಳಗೆ 'ಹೊಸಹಳ್ಳಿಯಲ್ಲಿ ಮಂಜು' ಎಂದು ಬರೆದಿದ್ದ. ಸಾವಿರಾರು ಜನ ಮೆಚ್ಚಿದ್ದರು. ಒಬ್ಬ ಕೇಳಿದ್ದ: "ಯಾವ ಲೆನ್ಸ್ ಗುರು?"

ಅಲ್ಲಾಡಿದ ಕಲೆ

ಈ ಮಂಜಿನಿಂದಲೇ ನನ್ನ ಹೆಂಡತಿಗೆ ರೋಷ ಬಂತು. "ಏನೂ ಬೀಳದೇ ಇರೋ ಫೋಟೊಗೇ ಅಷ್ಟು ಹೊಗಳಿಕೆ ಅಂದ್ರೆ ನಿಮ್ಮದೇನು ಕಡಿಮೆ? ಬನ್ನಿ, ದೊಡ್ಡವರು ಏನ್ ತೆಗೀತಾರೆ ನೋಡ್ಕೊಂಡ್ ಬರೋಣ" ಎಂದು ಭಾನುವಾರ ಮೆಟ್ರೋ ಹತ್ತಿಸಿ ಒಂದು ಪ್ರದರ್ಶನಕ್ಕೆ ಕರೆದುಕೊಂಡು ಹೋದಳು.

ಮೊದಲ ಫೋಟೊ ಪೂರ್ತಿ ಮಸುಕು. ಮನುಷ್ಯನೋ ಎಮ್ಮೆಯೋ ತಿಳಿಯದು. ಪಕ್ಕದಲ್ಲಿ ಅದನ್ನು ತೆಗೆದ ಯುವತಿಯೇ ನಿಂತಿದ್ದಳು. ಪಾಪ, ಮನಸ್ಸಿಗೆ ನೋವಾಗಬಾರದು ಎಂದು ನಾನು ಮೆಲ್ಲಗೆ ಹೇಳಿದೆ: "ಪರವಾಗಿಲ್ಲಮ್ಮ, ಮೊದಮೊದಲು ನಂಗೂ ಕೈ ಅಲ್ಲಾಡ್ತಿತ್ತು. ಒತ್ತುವಾಗ ಉಸಿರು ಹಿಡ್ಕೋ, ಸರಿಹೋಗತ್ತೆ."

ಅವಳು ನನ್ನನ್ನು ಒಂದು ಕ್ಷಣ ನೋಡಿ, "ಸರ್, ಬೇಕು ಅಂತ್ಲೇ ಅಲ್ಲಾಡ್ಸಿದ್ದು. ಇದು ಕಾಲದ ಓಟ" ಎಂದಳು. ಒಳ್ಳೆಯ ಹುಡುಗಿ, ಬೇಸರ ಮಾಡಿಕೊಳ್ಳಲಿಲ್ಲ. ಅವಳೇ ಬಾಗಿಲ ಬಳಿ ಇದ್ದ ಒಂದು ಕರಪತ್ರ ತಂದು ಕೊಟ್ಟಳು. ರಾಜಾಜಿನಗರದಲ್ಲಿ ಫೋಟೊ ಪ್ರದರ್ಶನ, ವಿಷಯ 'ದುಡಿಯುವ ಕೈ', ಯಾರು ಬೇಕಾದರೂ ಕಳಿಸಬಹುದು. ಅದನ್ನು ನಾಲ್ಕು ಮಡಿಕೆ ಮಾಡಿ ಜೇಬಿನೊಳಗೆ ಇಟ್ಟುಕೊಂಡೆ.

ವಾಪಸು ಬರುವಾಗ ಮೆಟ್ರೋದಲ್ಲಿ, ಹೊಸಹಳ್ಳಿ ನಿಲ್ದಾಣ ಬಂದಾಗ ಹೆಂಡತಿ ಹೇಳಿದಳು: "ರೀ, ನಮ್ಮ ಮದುವೆ ಫೋಟೊ ತೆಗೆದ್ರಲ್ಲ ನಿಮ್ಮ ಸ್ನೇಹಿತರು, ಅವರನ್ನ ಇಷ್ಟು ವರ್ಷ ಸುಮ್ನೆ ಬೈಕೊಂಡ್ವಿ. ಪಾಪ, ಎಷ್ಟು ದೊಡ್ಡ ಕಲಾವಿದರು!"

ಆರು ಬೆರಳು

ದುಡಿಯುವ ಕೈ ಎಂದಾಗ ನನಗೆ ಹೊಳೆದದ್ದು ಒಂದೇ ಕೈ. ನಮ್ಮ ಸ್ಟುಡಿಯೊ ಎದುರಿಗೆ ಬುಟ್ಟಿ ಇಟ್ಟುಕೊಂಡು ಹೂ ಕಟ್ಟುವ ಹೂವಿನಮ್ಮನ ಎಡಗೈ. ಹೆಬ್ಬೆರಳ ಪಕ್ಕ ಅವರಿಗೆ ಇನ್ನೊಂದು ಪುಟ್ಟ ಬೆರಳಿದೆ. ದಾರವನ್ನು ಅದರಲ್ಲಿ ಸಿಕ್ಕಿಸಿಕೊಂಡು ಅವರು ಮಲ್ಲಿಗೆ ಕಟ್ಟುವ ಓಟ ನೋಡಬೇಕು. ಆದರೆ ಯಾರಾದರೂ ನೋಡುತ್ತಿದ್ದಾರೆ ಎಂದು ಗೊತ್ತಾದ ಕೂಡಲೇ ಕೈ ಸೆರಗಿನೊಳಗೆ ಹೋಗುತ್ತದೆ.

"ಅಯ್ಯೋ, ಆ ಕೈಯಾ? ಬ್ಯಾಡ ಸಾಮಿ" ಎಂದರು. "ಹೆಣ್ಣು ನೋಡಕ್ಕೆ ಬಂದಾಗ ನಮ್ಮವ್ವ ಇದನ್ನ ಮುಚ್ಚಿಟ್ಟಿದ್ಲು. ಅವತ್ತಿಂದ ಮುಚ್ಕೊಂಡೇ ಇವ್ನಿ."

"ಅದಕ್ಕೇ ತೆಗೀಬೇಕು ಅಂತಿರೋದು. ದೊಡ್ಡದಾಗಿ ಗೋಡೆಗೆ ಹಾಕ್ತಾರಮ್ಮ, ನಾಲ್ಕು ಜನ ನೋಡಿ ಭೇಷ್ ಅಂತಾರೆ. ನಂದು ಮಾತು."

ಮೂರು ದಿನ ಯೋಚಿಸಿ ಒಪ್ಪಿಕೊಂಡರು. ನನ್ನ ಜೀವಮಾನದಲ್ಲಿ ನಾನು ಅಂಥ ಫೋಟೊ ತೆಗೆದಿರಲಿಲ್ಲ. ಕಂಪ್ಯೂಟರಿನಲ್ಲಿ ಹಾಕಿದ ಕೂಡಲೇ ಹೆಂಡತಿ ಅಭ್ಯಾಸಬಲದಿಂದ, "ಆ ಬೆರಳು ತೆಗೆದುಬಿಡ್ಲಾ?" ಎಂದಳು. "ಮುಟ್ಟಬೇಡ ಕಣೇ!" ಎಂದು ಕಿರುಚಿದೆ. ರಾತ್ರಿ ಊಟದವರೆಗೆ ಮಾತು ಬಿಟ್ಟಳು.

ಹದಿನೈದು ದಿನಕ್ಕೆ ಉತ್ತರ ಬಂತು. ಕೃತಕ ಬುದ್ಧಿಮತ್ತೆಯ ಯಂತ್ರದಿಂದ ರಚಿಸಿದ ಚಿತ್ರಗಳಿಗೆ ಅವಕಾಶವಿಲ್ಲ, ಬೆರಳು ಎಣಿಸಿದರೆ ತಿಳಿಯುತ್ತದೆ, ನಿಮ್ಮ ಚಿತ್ರ ತಿರಸ್ಕೃತ. ಅವರದೂ ತಪ್ಪಿಲ್ಲ. ಎಲ್ಲೋ ಒಂದು ಸ್ಪರ್ಧೆಯಲ್ಲಿ ಯಂತ್ರ ಮಾಡಿದ ಚಿತ್ರಕ್ಕೇ ಬಹುಮಾನ ಹೋಯಿತಂತೆ, ಆ ಯಂತ್ರಕ್ಕೆ ಬೆರಳೆಣಿಕೆ ಬರುವುದಿಲ್ಲವಂತೆ. ಹಾವು ಕಂಡವರಿಗೆ ಹಗ್ಗವೂ ಹಾವೇ. ಆದರೆ ಮೂವತ್ತು ವರ್ಷ ಸುಳ್ಳನ್ನು ನಿಜ ಮಾಡಿ ಕೊಟ್ಟಾಗ ಯಾರೂ ಕೇಳಲಿಲ್ಲ. ಒಂದು ಸಲ ಇದ್ದದ್ದನ್ನು ಇದ್ದ ಹಾಗೆ ಕಳಿಸಿದರೆ ಸುಳ್ಳು ಎಂದರು. ನನಗೆ ಅಳು ಬಂತು.

ಅದಕ್ಕಿಂತ ದೊಡ್ಡ ಸಂಕಟ ಹೂವಿನಮ್ಮನಿಗೆ ಹೇಳುವುದು. ಎರಡು ದಿನ ಅವರ ಕಣ್ಣು ತಪ್ಪಿಸಿ ಓಡಾಡಿದೆ. ಮೂರನೇ ದಿನ ಅವರೇ ಬಾಗಿಲಿಗೆ ಬಂದರು.

"ಹಾಕುದ್ರಾ ಸಾಮಿ ಗೋಡೆಗೆ?"

"ಇಲ್ಲಮ್ಮ. ಆ ಕೈ ಸುಳ್ಳು ಅಂತಾರೆ."

ಅವರು ತಮ್ಮ ಕೈಯನ್ನು ಆ ಕಡೆ ಈ ಕಡೆ ತಿರುಗಿಸಿ ನೋಡಿಕೊಂಡರು. ಬುಟ್ಟಿಯನ್ನು ಕನ್ನಡಕದ ಅಂಗಡಿಯವರಿಗೆ ಒಪ್ಪಿಸಿ, ಒಂದು ಹಿಡಿ ಮಲ್ಲಿಗೆ, ದಾರದ ಉಂಡೆ ಮಡಿಲಿಗೆ ಹಾಕಿಕೊಂಡರು.

"ನಡೀರಿ. ಎಲ್ಲೈತೆ ಅದು?"

ಆಟೋದಲ್ಲಿ ರಾಜಾಜಿನಗರದ ಆ ಸಭಾಂಗಣಕ್ಕೆ ಹೋದೆವು. ಗೋಡೆಗೆ ಫೋಟೊ ಹಾಕುವ ಕೆಲಸ ನಡೆಯುತ್ತಿತ್ತು. ತೀರ್ಪುಗಾರರು ಇಬ್ಬರಿದ್ದರು, ಒಬ್ಬರು ಬಿಳಿ ಗಡ್ಡದ ಹಿರಿಯರು, ಇನ್ನೊಬ್ಬ ಗಿಡ್ಡ ಜುಟ್ಟು ಕಟ್ಟಿದ ಯುವಕ. ನಾನು ಬಾಯಿ ತೆರೆಯುವ ಮೊದಲೇ ಹೂವಿನಮ್ಮ ನೆಲದ ಮೇಲೆ ಕೂತು ಹೂ ಕಟ್ಟಲು ಶುರುಮಾಡಿದರು. ಸೆರಗು ಅದರ ಪಾಡಿಗೆ ಹೆಗಲ ಮೇಲಿತ್ತು. ಎಲ್ಲರೂ ಸುತ್ತ ನಿಂತು ನೋಡಿದರು. ಕೆಲವರು ತುಟಿ ಅಲ್ಲಾಡಿಸುತ್ತ ಬೆರಳು ಎಣಿಸಿದರು. ಒಂದು ಮೊಳ ಮುಗಿಯುವ ಹೊತ್ತಿಗೆ ಹಿರಿಯರು ಕನ್ನಡಕ ತೆಗೆದು ಒರೆಸಿಕೊಂಡರು.

"ಐದು ಬೆರಳು ಮಾಡಿ ಕಳಿಸಿದ್ರೆ ಕಣ್ಣುಮುಚ್ಚಿ ಒಪ್ಪಿಬಿಡ್ತಿದ್ವಲ್ರೀ" ಎಂದು ನನ್ನ ಕೈ ಹಿಡಿದರು. "ಬಾಗಿಲ ಎದುರಿನ ಗೋಡೆಗೇ ಹಾಕೋಣ. ಚೀಟಿ ಮೇಲೆ ಏನು ಹೆಸರು ಬರೀಲಿ?"

ನಾನು ಚೀಟಿ ಇಸಿದುಕೊಂಡು, ನನ್ನ ಹೆಸರನ್ನು ನಾನೇ ದುಂಡಗೆ ಬರೆದೆ.

ಜುಟ್ಟಿನ ಯುವಕ ಹೂವಿನಮ್ಮನ ಮುಂದೆ ಮಂಡಿಯೂರಿ ಕೂತು ಕೈಮುಗಿದ. "ತಪ್ಪಾಯ್ತಮ್ಮ. ಈ ಕೈನ ಕಂಪ್ಯೂಟರ್ ಮಾಡಿರೋದು ಅಂದ್ಕೊಂಡ್ಬಿಟ್ವಿ."

"ಕಂಪ್ಯೂಟರ್ರಾ?" ಹೂವಿನಮ್ಮ ಗಂಟು ಹಾಕಿ ದಾರ ಕಡಿದರು. "ಅಯ್ಯೋ ನನ್ ಕಂದಾ, ಆಗ ನಮ್ಮೂರಿಗೆ ಕರೆಂಟೇ ಬಂದಿರಲಿಲ್ಲ. ಇದು ನಮ್ಮಪ್ಪ ನಮ್ಮವ್ವ ಕತ್ತಲಲ್ಲಿ ಮಾಡಿದ್ದು, ಅದಕ್ಕೇ ಒಂದು ಲೆಕ್ಕ ತಪ್ಪೈತೆ!"