ಕುರಿಮರಿಯ ಭೇದಿಯೂ ನನ್ನ ಮೊಂಡುತನವೂ

ಹೊಟ್ಟೆ ಕೆಟ್ಟ ವಿಷಯವನ್ನು ಮರ್ಯಾದಸ್ಥರು ನಾಲ್ಕು ಜನರ ಮುಂದೆ ಆಡಬಾರದು ಎನ್ನುತ್ತಾರೆ. ನಾನು ಆಡುತ್ತೇನೆ. ನನಗೆ ಅನ್ನ ಹಾಕುತ್ತಿರುವುದೇ ಆ ವಿಷಯ. ಮಾದನಾಯಕನಹಳ್ಳಿಯ ಗೋದಾಮುಗಳ ನಡುವಿನ ಒಂದು ಪುಟ್ಟ ಲ್ಯಾಬಿನಲ್ಲಿ, ಕಂಪನಿ ಕ್ಯಾಂಟೀನುಗಳಿಂದ ಬರುವ ಸಾಂಬಾರು, ಬಿರಿಯಾನಿಗಳಲ್ಲಿ ಭೇದಿ ತರಿಸುವ ಬ್ಯಾಕ್ಟೀರಿಯಾ ಇದೆಯೇ ಎಂದು ಅದರ ಜೀನ್ ಹಿಡಿದು ಪತ್ತೆ ಮಾಡುವುದು ನನ್ನ ಕೆಲಸ. ದಾವಣಗೆರೆಯಲ್ಲಿರುವ ನಮ್ಮಮ್ಮ ನೆಂಟರಿಗೆಲ್ಲ "ನನ್ನ ಮಗಳು ಸೈಂಟಿಸ್ಟು" ಎಂದಷ್ಟೇ ಹೇಳಿ, ಯಾರಾದರೂ ಮುಂದಕ್ಕೆ ಕೇಳುವ ಮೊದಲೇ ಮಂಡಕ್ಕಿ ತಟ್ಟೆ ಸರಿಸಿಬಿಡುತ್ತಾಳೆ.

ಲ್ಯಾಬಿನ ಹಿಂದೆ ಇನ್ನೂ ಸೈಟಾಗದೆ ಉಳಿದ ಬಯಲಿನಲ್ಲಿ ನಿಂಗಮ್ಮಜ್ಜಿ ಕುರಿ ಮೇಯಿಸುತ್ತಾಳೆ. ಟೀ ಅಂಗಡಿಯಲ್ಲಿ ಪರಿಚಯವಾದವಳು. ಒಂದು ಬೆಳಿಗ್ಗೆ ಗೇಟಿನ ಹತ್ತಿರ ಸ್ಟೀಲ್ ಡಬ್ಬಿ ಹಿಡಿದು ನಿಂತಿದ್ದಳು. ರಾಗಿ ರೊಟ್ಟಿ ಇರಬೇಕೆಂದು ನಾನು ಎರಡೂ ಕೈ ಚಾಚಿದೆ. "ಮೂಸ್ಬ್ಯಾಡ ಕಣವ್ವ, ಕುರಿಮರಿ ಬೇದಿ ಅದು. ನಾಕು ಮರಿ ಸತ್ತೋದ್ವು, ಇನ್ನು ಏಳವೆ. ಜಂತಿನ ಔಸ್ದಿ ಕುಡಿಸ್ದೆ, ನಿಲ್ಲಲಿಲ್ಲ. ಯಾವ ಉಳ ಅಂತ ಗೊತ್ತಾದ್ರೆ ಸರ್ಯಾದ ಔಸ್ದಿ ಕೊಡ್ತೀನಿ ಅಂದವ್ರೆ ದನದ ಡಾಕ್ಟ್ರು. ನೀನು ಅನ್ನದಲ್ಲಿರೋ ಉಳ ಇಡೀತೀಯಂತಲ್ಲ, ಇದ್ರಲ್ಲೂ ಇಡಿ." ಗಟ್ಟಿ ದನಿಯಲ್ಲೇ ಅಂದು, ಡಬ್ಬಿಯನ್ನು ನನ್ನ ಕೈಗಿಟ್ಟಳು.

ಡಬ್ಬಿ ಒಳಗೆ ತರುತ್ತಲೇ ನಮ್ಮ ಲ್ಯಾಬಿನ ಮ್ಯಾನೇಜರ್ ಮೂಗು ಮುಚ್ಚಿಕೊಂಡೇ ಕೂಗಿದರು. "ಏನ್ರೀ ಇದು? ಆಹಾರದ ಲ್ಯಾಬಿಗೆ ಇದನ್ನ ತರ್ತೀರಾ? ಎಸೀರಿ ಆಚೆ!"

"ಸಾರ್, ಇದೇ ಕುರಿ ಬಿರಿಯಾನಿಯಾಗಿ ಬಂದರೆ ಟೆಸ್ಟ್ ಮಾಡ್ತೀವಿ. ಬದುಕಿರುವಾಗ ಬಂದರೆ ಬೇಡವಾ?"

ಅವರಿಗೆ ತಟ್ಟನೆ ಮೀಟಿಂಗ್ ನೆನಪಾಯಿತು. ಎಲೆಕ್ಟ್ರಾನಿಕ್ ಸಿಟಿಗೆ ಹೊರಟುಹೋದರು. ನಗರದ ಈ ತುದಿಯಿಂದ ಆ ತುದಿಗೆ ಟ್ರಾಫಿಕ್ಕಿನಲ್ಲಿ ಹೋಗಿಬರುವಷ್ಟರಲ್ಲಿ ಬ್ಯಾಕ್ಟೀರಿಯಾಗಳು ಮೊಮ್ಮಕ್ಕಳನ್ನು ಕಾಣುತ್ತವೆ. ಆಹಾರದ ಸ್ಯಾಂಪಲ್ಲಿಗೆ ಸೋಂಕು ತಗಲೀತೆಂಬ ಮ್ಯಾನೇಜರರ ಹೆದರಿಕೆಯಲ್ಲೂ ನ್ಯಾಯವಿತ್ತು, ಒಪ್ಪುತ್ತೇನೆ. ಅದಕ್ಕೇ ಯಾರೂ ಬಳಸದ ಹಿಂದಿನ ಕೋಣೆಯಲ್ಲಿ ಕೂತು ಕೆಲಸ ಮಾಡಿದೆ, ಮೇಜನ್ನು ಬ್ಲೀಚಿನಲ್ಲಿ ಮೂರು ಸಲ ಒರೆಸಿದೆ. ಮರುದಿನ ಜೀನ್ ಪತ್ತೆ ಮಾಡುವ ಯಂತ್ರದ ಪರದೆಯ ಮೇಲೆ ಗೆರೆಯೊಂದು ಸರ್ರನೆ ಮೇಲೇರಿತು. ಸಾಲ್ಮೊನೆಲ್ಲಾ! ಕ್ಯಾಂಟೀನಿನ ಮೊಟ್ಟೆಸಾರಿನಲ್ಲಿ ನಾನು ಎಷ್ಟೋ ಸಲ ಹಿಡಿದ ಅದೇ ಕಳ್ಳ. ವರದಿ ಹಿಡಿದು ಅಜ್ಜಿಯ ಜೊತೆ ನಾನೇ ದನದ ಆಸ್ಪತ್ರೆಗೆ ಹೋದೆ. ಡಾಕ್ಟರು ಔಷಧ ಬದಲಿಸಿದರು, ಕಾಯಿಲೆ ಮರಿಗಳನ್ನು ಬೇರೆ ಕಟ್ಟಿಸಿದರು, ನೀರಿನ ತೊಟ್ಟಿ ತೊಳೆಸಿದರು. ಇನ್ನೊಂದು ಮರಿ ಹೋಯಿತು. ಆರು ಉಳಿದವು.

ನನಗೆ ಮೆಮೊ ಬಂತು. ಇನ್ನು ಮುಂದೆ ಹೀಗೆ ಮಾಡುವುದಿಲ್ಲ ಎಂದು ಬರೆದುಕೊಡಬೇಕಂತೆ. "ಮರಿಗಳಿಗೆ ಮತ್ತೆ ಭೇದಿಯಾದರೆ ಮತ್ತೆ ಮಾಡುತ್ತೇನೆ" ಎಂದು ಬರೆದು ಸಹಿ ಹಾಕಿದೆ. ಮ್ಯಾನೇಜರ್ ಅದನ್ನು ಎರಡು ಸಲ ಓದಿ, ತಾರೀಕು ಹಾಕಿಲ್ಲ ಎಂದು ವಾಪಸ್ ಕೊಟ್ಟರು. ತಾರೀಕು ಹಾಕಿದೆ. ಕಾಗದ ಈಗ ನನ್ನ ಫೈಲಿನಲ್ಲಿದೆ, ನಾನು ಕೆಲಸದಲ್ಲಿದ್ದೇನೆ.

ಮೊನ್ನೆ ಅಜ್ಜಿ ಬಯಲಿಗೆ ಕರೆದಳು. ಆ ಆರೂ ಹೊಸ ಮರಿಗಳ ಜೊತೆ ನೆಗೆದಾಡುತ್ತಿದ್ದವು. ಪ್ರತಿಯೊಂದನ್ನೂ ಹೆಸರು ಹಿಡಿದು ಕರೆದು ತೋರಿಸಿ, "ನೀನು ಉಳಿಸಿದ್ರಲ್ಲಿ ಒಂದ್ನ ತೋರ್ಸು ನೋಡಾನ" ಅಂದಳು. ಕಣ್ಣಿಗೆ ಕಾಣದ ಕ್ರಿಮಿಯ ಕುಲಗೋತ್ರ ಹೇಳುವವಳು ನಾನು, ಇದೇನು ಮಹಾ? ಎದೆಯುಬ್ಬಿಸಿ ಎಲ್ಲಕ್ಕಿಂತ ಚುರುಕಾಗಿದ್ದ ಕರಿಯನತ್ತ ಬೆರಳು ತೋರಿಸಿದೆ.

"ಅಯ್ ನನ್ ತಾಯಿ! ಅದು ಮೇಕೆ ಮರಿ ಕಣವ್ವ!"

ನಾನೂ ಬಿಡಲಿಲ್ಲ. "ಇರ್ಲಿ ಬಿಡಜ್ಜಿ, ಜೀನ್ ನೋಡಿದ್ದಿದ್ರೆ ಸರಿಯಾಗಿ ಹೇಳ್ತಿದ್ದೆ" ಅಂದೆ.